ಪದವಿಗೆ ವಿದೇಶಿ ಭಾಷೆ ತಗೊಂಡರೆ ನಿಜಕ್ಕೂ ಹೇಗಿರುತ್ತದೆ? ಓದಿದವರು ಹೇಳಿ

ಶಿರಸಿ_ಕೂಸು:
ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಹತ್ತಿರದ ಹಳ್ಳಿಯವಳು. ಈ ವರ್ಷ ಸೆಕೆಂಡ್ ಪಿಯು ಆರ್ಟ್ಸ್ ಮುಗಿಯಿತು. ಹತ್ತನೆಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಭಾಷೆ ಅಂದರೆ ಮೊದಲಿಂದಲೂ ಇಷ್ಟ. ಜಪಾನಿ ಅಕ್ಷರ, ಹಿರಗಾನ ಕಟಕಾನ ಎರಡೂ, ಮೊಬೈಲ್ ನೋಡಿಕೊಂಡೇ ಕಲಿತಿದ್ದೇನೆ. ಬಿ.ಎ.ಯಲ್ಲಿ ಜಪಾನಿ ಅಥವಾ ಫ್ರೆಂಚನ್ನೇ ಮುಖ್ಯ ವಿಷಯವಾಗಿ ಓದಬೇಕು ಅಂತ ಆಸೆ.

ಅಪ್ಪ ಬೇಡ ಅನ್ನುತ್ತಿಲ್ಲ. "ಮಾತಾಡೋಕೆ ಆರು ತಿಂಗಳ ಕೋರ್ಸ್ ಸಾಕಲ್ವಾ, ಮೂರು ವರ್ಷ ಅಲ್ಲಿ ಏನು ಕಲಿಸ್ತಾರೆ?" ಎಂದು ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಊರಲ್ಲಿ ಇದನ್ನು ಓದಿದವರು ಯಾರೂ ಗೊತ್ತಿಲ್ಲ. ಪ್ರಾಸ್ಪೆಕ್ಟಸ್‌ನಲ್ಲಿ ಇರುವುದನ್ನು ಓದಿದ್ದೇನೆ. ಕ್ಲಾಸಲ್ಲಿ ಕೂತವರು ಹೇಳಿದರೆ ಉಪಕಾರವಾಗುತ್ತದೆ.

ಸದಾಶಿವಗಡ:
ತಂಗೀ, ನಾನು ಕಾರವಾರದವಳು, ಮನೆಮಾತು ಕೊಂಕಣಿ. ಬೆಂಗಳೂರಿನಲ್ಲಿ ಬಿ.ಎ.ಗೆ ಫ್ರೆಂಚ್ ತಗೊಂಡೆ, ಎಂ.ಎ. ಗೋವಾ ವಿಶ್ವವಿದ್ಯಾಲಯದಲ್ಲಿ ಮಾಡಿದೆ. ನಿನ್ನ ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ, ಮೊದಲು ಅದಕ್ಕೇ ಬರುತ್ತೇನೆ.

ಅಂಗಡಿಯಲ್ಲಿ ಸಾಮಾನು ಕೇಳುವಷ್ಟು, ದಾರಿ ವಿಚಾರಿಸುವಷ್ಟು ಮಾತು ಆರು ತಿಂಗಳಲ್ಲಿ ಬರುತ್ತದೆ. ಸುಳ್ಳಲ್ಲ. ಯುರೋಪಿನ ಭಾಷೆಗಳಿಗೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು ಇವೆ. ಆರು ತಿಂಗಳ ಕೋರ್ಸ್ ನಿನ್ನನ್ನು ಮೊದಲ ಒಂದೆರಡು ಮೆಟ್ಟಿಲು ಹತ್ತಿಸುತ್ತದೆ. ಪೇಪರ್ ಓದಿ ಅರ್ಥ ಮಾಡಿಕೊಳ್ಳುವುದು, ವಾದ ಮಾಡುವುದು, ಒಂದು ಕಥೆ ಓದಿ ಅದರ ಬಗ್ಗೆ ನಾಲ್ಕು ಪುಟ ಬರೆಯುವುದು, ಇವೆಲ್ಲ ಬಿ2ರ ಆಸುಪಾಸು. ಪದವಿ ಇರುವುದು ಅಲ್ಲಿಗೆ ತಲುಪಿಸಲಿಕ್ಕೆ.

ಮೊದಲ ವರ್ಷ ಪೂರ್ತಿ ಭಾಷೆಯೇ. ದಿನಾ ಕ್ಲಾಸು, ದಿನಾ ಮನೆಗೆಲಸ. ಒಂದು ದಿನ ಹೋಗದಿದ್ದರೆ ಮರುದಿನ ಅರ್ಧ ಪಾಠ ತಲೆಗೆ ಹತ್ತುವುದಿಲ್ಲ. ಇತಿಹಾಸ, ಸಮಾಜಶಾಸ್ತ್ರ ಓದುವವರ ಹಾಗೆ ಪರೀಕ್ಷೆ ಹತ್ತಿರ ಬಂದಾಗ ಕೂತು ಓದಿ ಪಾಸಾಗುತ್ತೇನೆ ಅನ್ನುವುದು ಇಲ್ಲಿ ನಡೆಯುವುದೇ ಇಲ್ಲ. ಇದನ್ನು ಸೇರುವ ಮೊದಲೇ ಯಾರಾದರೂ ಹೇಳಬೇಕು.

ಶುರುವಾಗುವುದು ಉಚ್ಚಾರದಿಂದ. ಫ್ರೆಂಚಿನಲ್ಲಿ ಒಂದು ಸ್ವರ ಇದೆ. ನಾಲಿಗೆ 'ಈ' ಅನ್ನುವ ಜಾಗದಲ್ಲಿ ಇರಬೇಕು, ತುಟಿ 'ಊ' ಅನ್ನುವ ಹಾಗೆ ಮುಂದೆ ಬರಬೇಕು. ಮೇಡಂ ಒಬ್ಬೊಬ್ಬರನ್ನೇ ನಿಲ್ಲಿಸಿ ಹೇಳಿಸುತ್ತಿದ್ದರು. ನಾಲಿಗೆ ಸರಿ ಇಟ್ಟರೆ ತುಟಿ ಹಿಂದೆ ಹೋಗುತ್ತದೆ, ತುಟಿ ಸರಿ ಮಾಡಿದರೆ ನಾಲಿಗೆ ಜಾರುತ್ತದೆ. ಆಮೇಲೆ ಉಕ್ತಲೇಖನ. ಫ್ರೆಂಚಿನಲ್ಲಿ ಏಕವಚನ ಬಹುವಚನ ಹೆಚ್ಚಿನ ಕಡೆ ಕಿವಿಗೆ ಒಂದೇ ಥರ ಕೇಳಿಸುತ್ತದೆ, ಬರೆಯುವಾಗ ಮಾತ್ರ ಬೇರೆ. ಅವರು ಓದಿದ್ದನ್ನು ಕೇಳಿ ಬರೆದರೆ ಸಾಲದು. ಪೂರ್ತಿ ವಾಕ್ಯ ಮನಸ್ಸಿನಲ್ಲಿ ಇಟ್ಟುಕೊಂಡು, ಯಾವ ಪದಕ್ಕೆ ಯಾವುದು ಹೊಂದಬೇಕು ಎಂದು ಯೋಚಿಸಿ ಬರೆಯಬೇಕು. ಹತ್ತು ಸಾಲಿನ ಹಾಳೆ ತುಂಬ ಕೆಂಪು ಗೆರೆ ಬೀಳುವುದು ಎಲ್ಲರಿಗೂ ಮಾಮೂಲು. ಅದಕ್ಕೆ ಎದೆಗುಂದಬೇಡ.

ಒಂದು ಅನುಕೂಲವೂ ಹೇಳಬೇಕು. ಮೂಗಿನಿಂದ ಬರುವ ಸ್ವರಗಳು ನನಗೆ ಕಷ್ಟವೇ ಆಗಲಿಲ್ಲ, ಕೊಂಕಣಿಯಲ್ಲಿ ಅವು ಇವೆ. ನಿರ್ಜೀವ ವಸ್ತುಗಳಿಗೂ ಗಂಡು ಹೆಣ್ಣು ಅಂತ ಲಿಂಗ ಇರುವುದೂ ನಮಗೆ ಹೊಸದಲ್ಲ. ಮನೆಯಲ್ಲಿ ಕನ್ನಡ ಮಾತ್ರ ಆಡುವವರಿಗೆ ಇದು ನಿಜವಾಗಿ ಕಷ್ಟ, ಪ್ರತಿ ಪದದ ಜೊತೆ ಲಿಂಗವನ್ನೂ ಬಾಯಿಪಾಠ ಮಾಡಬೇಕು.

ಗಂಗಾವಳಿ:
ನಾನು ಅಂಕೋಲಾ. ಕಂಪ್ಯೂಟರ್ ಸೈನ್ಸ್ ಓದಿದವನು. ಬೇಸರ ಮಾಡಿಕೊಳ್ಳಬೇಡಿ, ನೇರ ಕೇಳುತ್ತೇನೆ. ಈಗ ಫೋನ್ ಹಿಡಿದರೆ ಬೋರ್ಡ್ ಅನುವಾದ ಆಗುತ್ತದೆ, ಮಾತಾಡಿದರೆ ಮಾತು ಅನುವಾದ ಆಗುತ್ತದೆ. 2022ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ಕೊಂಕಣಿ ಕೂಡ ಬಂತು. ಹೀಗಿರುವಾಗ ಮೂರು ವರ್ಷ, ಎಂ.ಎ. ಸೇರಿಸಿದರೆ ಐದು ವರ್ಷ, ಇದಕ್ಕೆ ಕೊಡುವುದು ಒಳ್ಳೆಯದೇ? ಆ ಹುಡುಗಿಯ ಮನೆಯವರು ದುಡ್ಡು ಹೊಂದಿಸಿ ಕಳಿಸುವವರು, ಅದಕ್ಕೇ ಕೇಳಿದ್ದು.

ಸದಾಶಿವಗಡ:
ಗಂಗಾವಳಿ ಅಣ್ಣ, ಕೇಳಿದ್ದು ಒಳ್ಳೆಯದಾಯಿತು. ನನ್ನ ಕೆಲಸವೇ ಇದು. ಬೆಂಗಳೂರಿನ ಒಂದು ಕಂಪನಿಯಲ್ಲಿ ಫ್ರೆಂಚ್ ಲೋಕಲೈಸೇಶನ್, ಅಂದರೆ ಆ್ಯಪ್, ವೆಬ್‌ಸೈಟುಗಳನ್ನು ಫ್ರೆಂಚ್ ಬಳಸುವವರಿಗೆ ಹೊಂದುವ ಹಾಗೆ ಮಾಡುವ ಕೆಲಸ, ನೋಡಿಕೊಳ್ಳುತ್ತೇನೆ. ಖಾಲಿ ಪುಟ ಇಟ್ಟುಕೊಂಡು ಅನುವಾದ ಮಾಡುವುದು ಈಗ ಕಡಿಮೆ. ಮೊದಲ ಕರಡು ಯಂತ್ರವೇ ಕೊಡುತ್ತದೆ, ನಾವು ತಿದ್ದುತ್ತೇವೆ. ದರವೂ ಇಳಿದಿದೆ, ಅದನ್ನು ಮುಚ್ಚಿಡುವುದಿಲ್ಲ.

ಆದರೆ ತಿದ್ದುವವರಿಗೆ ಭಾಷೆ ಯಂತ್ರಕ್ಕಿಂತ ಚೆನ್ನಾಗಿ ಬರಬೇಕು. ಹೋದ ವಾರದ ಒಂದು ಕೆಲಸ ಹೇಳುತ್ತೇನೆ. ಒಂದು ಆ್ಯಪ್‌ನ ಬಟನ್, ಅದರಲ್ಲಿ ಹಿಡಿಸುವುದೇ ಹನ್ನೆರಡು ಅಕ್ಷರ. ಇಂಗ್ಲಿಷಿಗಿಂತ ಫ್ರೆಂಚ್ ಸಾಮಾನ್ಯವಾಗಿ ಉದ್ದ ಆಗುತ್ತದೆ. ಯಂತ್ರ ಕೊಟ್ಟದ್ದು ವ್ಯಾಕರಣದಲ್ಲಿ ಸರಿ ಇತ್ತು, ಬಟನ್‌ನಿಂದ ಹೊರಗೆ ಹೋಗುತ್ತಿತ್ತು. ಅದನ್ನು ಕತ್ತರಿಸಿದರೆ ಅಪ್ಪಣೆ ಕೊಟ್ಟ ಹಾಗೆ ಒರಟಾಗುತ್ತದೆ. ಸಣ್ಣದೂ ಇರಬೇಕು, ಮರ್ಯಾದೆಯೂ ಉಳಿಯಬೇಕು, ಮೊದಲ ಪರದೆಯಲ್ಲಿ ಬಳಸಿದ ಮಾತಿಗೂ ಹೊಂದಬೇಕು. ಔಷಧದ ಪೊಟ್ಟಣದ ಮೇಲಿನ ಸೂಚನೆ, ಬಾಡಿಗೆ ಕರಾರು, ಇಂಥವಕ್ಕೆ ಯಾರಾದರೂ ಸಹಿ ಹಾಕಿ ಜವಾಬ್ದಾರಿ ತಗೊಳ್ಳಬೇಕು. ಮೇಲುಮೇಲೆ ಭಾಷೆ ಕಲಿತವರಿಗೆ ಈಗ ಕೆಲಸ ಇಲ್ಲ, ಆಳವಾಗಿ ಕಲಿತವರಿಗೆ ಇದೆ. ನಾನು ಕಣ್ಣಾರೆ ನೋಡುತ್ತಿರುವುದು ಇದು.

ಯಾಣ_ದಾರಿ:
ನಾನು ಕುಮಟಾ ತಾಲೂಕಿನವನು. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಜಪಾನಿ ಬಿ.ಎ. ಮೂರನೇ ವರ್ಷ. ಶಿರಸಿ ತಂಗಿ, ಅಕ್ಷರ ಎರಡೂ ಕಲಿತಿದ್ದೀಯಾ ಅಂದರೆ ಮೊದಲ ಕೆಲವು ವಾರದ ಪಾಠ ಆಗಲೇ ಮುಗಿಸಿದ ಹಾಗೆ. ಖುಷಿಯಾಯಿತು.

ಮೊದಲು ಒಳ್ಳೆಯ ಸುದ್ದಿ. ಜಪಾನಿ ವಾಕ್ಯದ ಜೋಡಣೆ ಕನ್ನಡದವರಿಗೆ ಸಲೀಸು. ಕ್ರಿಯಾಪದ ಕೊನೆಗೆ ಬರುತ್ತದೆ. ನಾವು ಹೆಸರಿನ ಹಿಂದೆ ಗೆ, ಅಲ್ಲಿ, ಇಂದ ಅಂತ ಹಚ್ಚುವ ಹಾಗೆ ಅವರೂ ಹೆಸರಿನ ಹಿಂದೆಯೇ ಹಚ್ಚುತ್ತಾರೆ. ಇಂಗ್ಲಿಷ್ ಮಾತ್ರ ಬಲ್ಲವರು ತಿಂಗಳುಗಟ್ಟಲೆ ಒದ್ದಾಡುವುದನ್ನು ನಾವು ಮನಸ್ಸಿನಲ್ಲಿ ಕನ್ನಡ ಹಾಕಿಕೊಂಡು ದಾಟುತ್ತೇವೆ. ಇಂಗ್ಲಿಷ್ ಮೂಲಕ ಯೋಚಿಸಬೇಡ. ಕನ್ನಡದ ಮೂಲಕ ಯೋಚಿಸು.

ಕಷ್ಟ ಇರುವುದು ಕಾಂಜಿಯಲ್ಲಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳಲ್ಲಿ. ಜಪಾನ್ ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲಿ 2136 ಕಾಂಜಿ ಇವೆ. ಒಂದೊಂದಕ್ಕೆ ಎರಡು ಮೂರು ಓದು. ಒಂಟಿಯಾಗಿದ್ದಾಗ ಒಂದು ಥರ ಓದಬೇಕು, ಇನ್ನೊಂದರ ಜೊತೆ ಸೇರಿದಾಗ ಇನ್ನೊಂದು ಥರ. ಗೆರೆ ಎಳೆಯುವ ಕ್ರಮಕ್ಕೂ ನಿಯಮ ಇದೆ. ಚೌಕಳಿ ಪುಸ್ತಕದಲ್ಲಿ ದಿನಾ ಬರೆಯಬೇಕು. ನಾನು ಹಾಸ್ಟೆಲ್ ಮೆಸ್ಸಿನ ಸಾಲಿನಲ್ಲಿ ನಿಂತಾಗಲೂ ಅಂಗೈ ಮೇಲೆ ಬೆರಳಲ್ಲಿ ಬರೆಯುತ್ತಿರುತ್ತೇನೆ. ಹೊಸದನ್ನು ಕಲಿಯುವಾಗ ಹಳೆಯದು ಮರೆಯುತ್ತದೆ. ನಮ್ಮ ಸೆನ್ಸೇ (ಜಪಾನಿಯಲ್ಲಿ ಗುರುಗಳು) ಪ್ರತಿ ಸೋಮವಾರ ಸಣ್ಣ ಪರೀಕ್ಷೆ ಇಟ್ಟು, ಹಿಂದಿನ ಸೆಮಿಸ್ಟರಿನದ್ದನ್ನೂ ಸೇರಿಸುತ್ತಾರೆ. ಆ ಪರೀಕ್ಷೆಗೆ ನಾನು ಋಣಿ.

ಎರಡನೇ ವರ್ಷದ ನಡುವೆ ಒಂದು ಹೊತ್ತು ಬರುತ್ತದೆ. ಶುರುವಿನ ಉತ್ಸಾಹ ಇಳಿದಿರುತ್ತದೆ. ಪಠ್ಯಪುಸ್ತಕದ ವಾಕ್ಯ ಎಲ್ಲ ಗೊತ್ತು, ಆದರೆ ಜಪಾನಿನವರೊಬ್ಬರು ನಿಜವಾಗಿ ಮಾತಾಡಿದರೆ ಒಂದು ಅಕ್ಷರ ಹಿಡಿಯಲಿಕ್ಕಾಗುವುದಿಲ್ಲ. ಹಿರಿಯರ ಎದುರು ಮಾತಾಡುವ ಗೌರವದ ಕ್ರಿಯಾಪದಗಳೂ ಆಗಲೇ ಶುರುವಾಗುತ್ತವೆ. ನಮ್ಮ ಬ್ಯಾಚಿನಲ್ಲಿ ಬಿಟ್ಟುಹೋದವರು ಹೆಚ್ಚಾಗಿ ಆ ಹೊತ್ತಿಗೇ ಹೋದರು. ಬುದ್ಧಿ ಕಡಿಮೆ ಇದ್ದವರಲ್ಲ ಅವರು. ಹೀಗೆ ಆಗುವುದು ಸಹಜ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಲಿತದ್ದು ಒಳಗೆ ಕೂತು ಬಾಯಿಗೆ ಬರಲು ಸಮಯ ಬೇಕು, ಅಡಿಕೆ ಗಿಡ ನೆಟ್ಟ ವರ್ಷವೇ ಕೊನೆ ಬಿಡುವುದಿಲ್ಲವಲ್ಲ.

ಪರೀಕ್ಷೆ ವಿಷಯ: ಜೆಎಲ್‌ಪಿಟಿ ಎಂಬುದು ಜಪಾನಿ ಎಷ್ಟು ಬರುತ್ತದೆ ಎಂದು ಅಳೆಯುವ ಪರೀಕ್ಷೆ. ಹಂತಗಳು ಎನ್5ರಿಂದ ಎನ್1ರವರೆಗೆ, ಎನ್1 ಎಲ್ಲಕ್ಕಿಂತ ಮೇಲು. ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ. ಕಂಪನಿಗಳು ಪದವಿ ಪತ್ರದ ಜೊತೆ ಇದನ್ನೂ ಕೇಳುತ್ತವೆ. ಹೆಚ್ಚಿನ ಕಡೆ ಎನ್2 ಇದ್ದರೆ ಮಾತು ಮುಂದುವರಿಯುತ್ತದೆ. ಇದರಲ್ಲಿ ಮಾತಾಡುವ ಪರೀಕ್ಷೆ ಇಲ್ಲ ಎಂಬುದು ನೆನಪಿರಲಿ. ಮಾತಿನ ಅಭ್ಯಾಸ ನೀನೇ ಮಾಡಿಕೊಳ್ಳಬೇಕು. ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನದಲ್ಲಿ ಜಪಾನಿ ಓದುತ್ತಿರುವ ಪದವಿ ವಿದ್ಯಾರ್ಥಿಗಳಿಗೇ ಒಂದು ವಿಭಾಗ ಇದೆ, ಸುಮಾರು ಒಂದು ವರ್ಷ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಬಹುದು. ಸ್ಪರ್ಧೆ ಜಾಸ್ತಿ. ಆದರೂ ಅರ್ಜಿ ಹಾಕದೆ ಇರಬೇಡ.

ಶಿರಸಿ_ಕೂಸು:
ಅಣ್ಣ, ಅಕ್ಕ, ಇಬ್ಬರಿಗೂ ತುಂಬ ಥ್ಯಾಂಕ್ಸ್. ಅಪ್ಪನಿಗೂ ಓದಿ ಹೇಳಿದೆ. ನನ್ನ ದೊಡ್ಡ ಹೆದರಿಕೆ ಬೇರೆ ಇದೆ. ಅಲ್ಲಿಗೆ ಬರುವವರು ದೊಡ್ಡ ಊರಿನ ಶಾಲೆಯವರು, ಆರನೇ ಕ್ಲಾಸಿನಿಂದ ಫ್ರೆಂಚ್ ಓದಿರುತ್ತಾರೆ. ಪಾಠ ಇಂಗ್ಲಿಷಿನಲ್ಲಿ ವಿವರಿಸುತ್ತಾರಂತೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ.

ಮಾಸ್ತರ್_ಹೊನ್ನಾವರ:
ಮಗಾ, ಇದಕ್ಕೆ ನಾನು ಹೇಳುತ್ತೇನೆ. ಡಿಗ್ರಿ ಕಾಲೇಜಿನಲ್ಲಿ ಭಾಷೆ ಕಲಿಸಿ ನಿವೃತ್ತನಾದವನು. ನನ್ನ ಹತ್ತಿರ ಓದಿ ಹೊರಗೆ ಹೋಗಿ ಜರ್ಮನ್, ರಷ್ಯನ್ ಕಲಿತ ಮಕ್ಕಳು ಇದ್ದಾರೆ, ಈಗಲೂ ಫೋನ್ ಮಾಡುತ್ತಾರೆ.

ಮೊದಲ ಸೆಮಿಸ್ಟರ್ ಕಷ್ಟವೇ. ಸುಮ್ನೆ ಸಮಾಧಾನ ಹೇಳುವುದಿಲ್ಲ. ವ್ಯಾಕರಣದ ವಿವರಣೆ ಇಂಗ್ಲಿಷಿನಲ್ಲಿ, ನಿಘಂಟು ಇಂಗ್ಲಿಷಿನದು, ಅಕ್ಕಪಕ್ಕದವರ ಮಾತು ಇಂಗ್ಲಿಷಿನದು. ಎರಡು ಭಾಷೆ ಒಟ್ಟಿಗೆ ಕಲಿಯಬೇಕಾಗುತ್ತದೆ. ಆದರೆ ಕೆಲವು ತಿಂಗಳಾದ ಮೇಲೆ ಒಳ್ಳೆಯ ಅಧ್ಯಾಪಕರು ಇಂಗ್ಲಿಷ್ ಬಿಟ್ಟು ಅದೇ ಭಾಷೆಯಲ್ಲಿ ಪಾಠ ಮಾಡಲು ಶುರು ಮಾಡುತ್ತಾರೆ. ಆಗ ಇಂಗ್ಲಿಷ್ ಮಾಧ್ಯಮದವರೂ ನೀನೂ ಒಂದೇ ಬೆಂಚಿನವರು.

ಇನ್ನೊಂದು ಮಾತು. ಕನ್ನಡ ಮಾಧ್ಯಮದ ಮಕ್ಕಳು ಹೈಸ್ಕೂಲಿನಲ್ಲಿ ಸಂಧಿ, ಸಮಾಸ, ವಿಭಕ್ತಿ ಓದಿರುತ್ತಾರೆ. ಪ್ರಥಮಾ, ದ್ವಿತೀಯಾ ಎಂದು ಬಾಯಿಪಾಠ ಮಾಡಿದ್ದು ಯಾಕೆ ಎಂದು ಆಗ ಅನ್ನಿಸಿರುತ್ತದೆ. ಜರ್ಮನ್‌ನಲ್ಲಿ ನಾಲ್ಕು ವಿಭಕ್ತಿ, ರಷ್ಯನ್‌ನಲ್ಲಿ ಆರು. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ವಿಭಕ್ತಿ ಎಂದರೇನು ಎಂದು ತಿಳಿಸುವುದರಲ್ಲೇ ಅಧ್ಯಾಪಕರಿಗೆ ಸಾಕಾಗುತ್ತದೆ. ನಮ್ಮ ಮಕ್ಕಳು ತಕ್ಷಣ ಹಿಡಿಯುತ್ತಾರೆ. ನಿಮ್ಮ ಕಡೆ ಪಿಯುನಲ್ಲಿ ಸಂಸ್ಕೃತ ತಗೊಂಡವರು ಬಹಳ ಇರುತ್ತಾರೆ, ಅವರಿಗೆ ಇನ್ನೂ ಸುಲಭ. ನಿನ್ನ ಹೈಸ್ಕೂಲಿನ ಕನ್ನಡ ವ್ಯಾಕರಣ ಪುಸ್ತಕ ಮನೆಯಲ್ಲಿ ಇದ್ದರೆ ಈ ರಜೆಯಲ್ಲಿ ಒಮ್ಮೆ ತೆಗೆದು ಓದು.

ಎಲ್ಲರೂ ವಿದೇಶಿ ಭಾಷೆಯನ್ನೇ ಹೇಳುತ್ತಿದ್ದೀರಿ. ನಮ್ಮ ಜಿಲ್ಲೆಯ ಬಗ್ಗೆಯೂ ಒಂದು ಮಾತು ಹೇಳದೆ ಇರಲಾರೆ. ಕನ್ನಡ, ಕೊಂಕಣಿ, ಮರಾಠಿ, ಭಟ್ಕಳದ ನವಾಯತಿ, ಹವ್ಯಕರ ಮಾತು, ಹಾಲಕ್ಕಿ ಒಕ್ಕಲಿಗರ ಮಾತು, ಯಲ್ಲಾಪುರ ಹಳಿಯಾಳದ ಸಿದ್ದಿಗಳ ಮಾತು, ಮುಂಡಗೋಡದಲ್ಲಿ 1960ರ ದಶಕದಿಂದ ಟಿಬೆಟನ್. ಇಷ್ಟು ಭಾಷೆ ಒಂದೇ ಜಿಲ್ಲೆಯಲ್ಲಿ ಇವೆ, ಓದಿದವರು ಎಷ್ಟು ಜನ? ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು. ದೇವನಾಗರಿ, ರೋಮನ್, ಕನ್ನಡ, ಮಲಯಾಳಂ, ಅರಬ್ಬಿ, ಹೀಗೆ ಐದು ಲಿಪಿಗಳಲ್ಲಿ ಬರೆಯುವ ಭಾಷೆ ಅದು. ಹಾಲಕ್ಕಿ ಹಾಡುಗಾರ್ತಿ, ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ಅವರು ಹೋದರು. ಅಂಥವರ ಹಾಡನ್ನು ರೆಕಾರ್ಡ್ ಮಾಡಿಕೊಂಡರೆ ಸಾಲದು. ಹೇಳಿದ ಉಚ್ಚಾರದಲ್ಲೇ ಬರೆದು, ಪದಪದಕ್ಕೆ ಅರ್ಥ ಹಾಕಬಲ್ಲವರು ಬೇಕು. ಆ ಕೆಲಸ ಕಲಿಸುವುದು ಭಾಷಾವಿಜ್ಞಾನ. ಧಾರವಾಡದಲ್ಲಿ ಓದಬಹುದು. ಮೈಸೂರಿನಲ್ಲಿ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಇದೆ. ಜಪಾನಿ ಓದಿದರೂ ಸರಿ, ಭಾಷಾವಿಜ್ಞಾನದ ಪೇಪರ್ ಸಿಕ್ಕರೆ ಬಿಡಬೇಡ. ಕಲಿತದ್ದನ್ನು ಊರಿಗೆ ತಂದು ಬಳಸುವ ದಾರಿ ಅದು.

ಓಂ_ಬೀಚ್:
ಗೋಕರ್ಣದಿಂದ. ನಾನು ಒಂದು ವರ್ಷ ಸ್ಪ್ಯಾನಿಷ್ ಬಿ.ಎ. ಓದಿ ಬಿಟ್ಟೆ, ಅದನ್ನೂ ತಿಳಿದುಕೊಳ್ಳಲಿ ಎಂದು ಬರೆಯುತ್ತಿದ್ದೇನೆ. ನನಗೆ ಬೇಕಿದ್ದದ್ದು ಜನರ ಜೊತೆ ಮಾತು. ಎರಡನೇ ವರ್ಷದಿಂದ ಹಳೆಯ ನಾಟಕ, ಕವಿತೆ, ಸಾಹಿತ್ಯ ಚರಿತ್ರೆ ಎಂದು ಗೊತ್ತಾದಾಗ ಇದು ನನ್ನದಲ್ಲ ಅನ್ನಿಸಿತು. ಈಗ ಹೋಂಸ್ಟೇ ನೋಡಿಕೊಳ್ಳುತ್ತೇನೆ. ಸೀಸನ್ನಿನಲ್ಲಿ ಬರುವ ಅತಿಥಿಗಳ ಜೊತೆ ಸ್ಪ್ಯಾನಿಷ್, ಸ್ವಲ್ಪ ಇಟಾಲಿಯನ್ ಆಡುತ್ತೇನೆ. ಬಿಟ್ಟದ್ದಕ್ಕೆ ಬೇಜಾರಿಲ್ಲ. ತಂಗಿ, ನಿನಗೆ ಕಥೆ ಕವಿತೆ ಓದುವ ಹುಚ್ಚು ಇದ್ದರೆ ಪದವಿಗೆ ಹೋಗು. ಮಾತು ಮಾತ್ರ ಸಾಕು ಅಂದರೆ ಬೇರೆ ಪದವಿ ಮಾಡುತ್ತಾ ಸಂಜೆ ಕೋರ್ಸ್ ಮಾಡು. ಬೆಂಗಳೂರಿನಲ್ಲಿ ಫ್ರೆಂಚ್ ಕಲಿಸುವ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್, ಜರ್ಮನ್ ಕಲಿಸುವ ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನ ಅದಕ್ಕೇ ಇರುವುದು. ಮನೆಯಲ್ಲೇ ಕೂತು ಆನ್‌ಲೈನ್ ಕೂಡ ಆಗುತ್ತದೆ.

ಸದಾಶಿವಗಡ:
ಓಂ ಬೀಚ್ ಹೇಳಿದ್ದು ಸತ್ಯ. ಸಾಹಿತ್ಯ ಇಷ್ಟವಿಲ್ಲದವರಿಗೆ ಎರಡನೇ ವರ್ಷ ಉಸಿರುಕಟ್ಟಿದ ಹಾಗಾಗುತ್ತದೆ. ನನಗೆ ಮಾತ್ರ ಆ ವರ್ಷವೇ ಪ್ರಾಣ. ಒಂದು ಪುಟದ ಗದ್ಯ, ಅದರ ಮೇಲೆ ಎರಡು ಗಂಟೆ ಕ್ಲಾಸು. ಫ್ರೆಂಚಿನಲ್ಲಿ ಕಥೆ ಹೇಳುವಾಗ ಎರಡು ಭೂತಕಾಲ ಬರುತ್ತವೆ. ನಡೆಯುತ್ತಾ ಇದ್ದದ್ದಕ್ಕೆ ಒಂದು, ಥಟ್ಟನೆ ಆಗಿಹೋದದ್ದಕ್ಕೆ ಒಂದು. ಲೇಖಕ ಒಂದು ಸಾವನ್ನು ಹೇಳುವಾಗ, 'ಆಗಿಹೋಯಿತು' ಅನ್ನುವ ಕಾಲ ಬಿಟ್ಟು 'ಆಗುತ್ತಾ ಇತ್ತು' ಅನ್ನುವ ಕಾಲ ಯಾಕೆ ಹಾಕಿದ? ಸರ್ ಇಷ್ಟು ಕೇಳಿ ಸುಮ್ಮನೆ ನಿಂತರು. ಇಡೀ ಕ್ಲಾಸು ಆ ಒಂದು ಕ್ರಿಯಾಪದದ ಮೇಲೆ ವಾದ ಮಾಡಿತು. ಓದುವುದು ಅಂದರೆ ಇದು ಎಂದು ನನಗೆ ಆವತ್ತು ತಿಳಿಯಿತು. ಆಮೇಲೆ ಕನ್ನಡ ಕಥೆಗಳನ್ನೂ ನಾನು ಓದುವ ರೀತಿ ಬದಲಾಯಿತು. ಪ್ಯಾರಿಸ್ಸಿನವರ ಬರವಣಿಗೆ ಮಾತ್ರ ಅಲ್ಲ, ಸೆನೆಗಲ್, ಅಲ್ಜೀರಿಯಾ, ಮಾರಿಷಸ್, ಕ್ವಿಬೆಕ್‌ನವರ ಫ್ರೆಂಚೂ ಓದಿಸುತ್ತಾರೆ. ಗೋವಾದಲ್ಲಿ ಇದಕ್ಕೆ ಒತ್ತು ಜಾಸ್ತಿ. ಅಲ್ಲಿ ಪೋರ್ಚುಗೀಸ್ ಎಂ.ಎ. ಕೂಡ ಇದೆ, ನಮ್ಮ ಕಾರವಾರದವರಿಗೆ ಗಡಿ ದಾಟಿದರೆ ಸಿಗುವಂಥದ್ದು.

ಭಟ್ಕಳ_ಕಡಲು:
ಅರಬ್ಬಿ ಓದಿದವನು ನಾನು. ಚಿಕ್ಕಂದಿನಿಂದ ಅಕ್ಷರ ಬರುತ್ತಿತ್ತು, ಕುರಾನ್ ಓದಲು ಬರುತ್ತಿತ್ತು. ಆದರೂ ವಿಶ್ವವಿದ್ಯಾಲಯದಲ್ಲಿ ಸೊನ್ನೆಯಿಂದ ಶುರು ಮಾಡಿದ ಹಾಗೆಯೇ ಆಯಿತು. ಕ್ಲಾಸಿನಲ್ಲಿ ಕಲಿಸುವುದು ಪತ್ರಿಕೆ, ಪುಸ್ತಕ, ಸುದ್ದಿಯ ಅರಬ್ಬಿ. ದುಬೈ ಬೀದಿಯಲ್ಲಿ ಆಡುವುದು ಬೇರೆ, ಕೈರೋದಲ್ಲಿ ಆಡುವುದು ಇನ್ನೂ ಬೇರೆ. ಪದವಿ ಮುಗಿಸಿ ಗಲ್ಫಿಗೆ ಹೋದ ನಮ್ಮವರಿಗೆ ಮೊದಲ ಕೆಲವು ತಿಂಗಳು ಟ್ಯಾಕ್ಸಿಯವರ ಮಾತೇ ತಿಳಿಯುವುದಿಲ್ಲ. ಆದರೆ ಕಚೇರಿ ಪತ್ರ, ಕರಾರು, ಕೋರ್ಟು ಕಾಗದ ಇವಕ್ಕೆ ಕ್ಲಾಸಿನ ಅರಬ್ಬಿಯೇ ಬೇಕು. ಬೀದಿ ಮಾತು ಅಲ್ಲೇ ಇದ್ದು ಕಲಿತುಕೊಳ್ಳಬಹುದು.

ಶಿರಸಿ_ಕೂಸು:
ಎಲ್ಲರದ್ದೂ ನೋಟ್ ಮಾಡಿಕೊಂಡೆ. ಓಂ ಬೀಚ್ ಅಣ್ಣ, ಕಥೆ ಓದುವ ಹುಚ್ಚು ಇದೆ, ಊರ ಗ್ರಂಥಾಲಯದಲ್ಲಿ ನನಗೆ ಬಾಕಿ ಉಳಿದದ್ದು ಕಡಿಮೆ. ಪಕ್ಕದಲ್ಲಿ ಅಪ್ಪ ಕೂತಿದ್ದಾರೆ, ಅವರ ಎರಡು ಪ್ರಶ್ನೆ. ಒಂದು, ಹೋಗುವುದಾದರೆ ಎಲ್ಲಿಗೆ, ಖರ್ಚು ಹೇಗೆ? ಎರಡು, ಭಾಷೆಯಿಂದಲೇ ಕೆಲಸ ಸಿಗದಿದ್ದರೆ ಏನು?

ಯಾಣ_ದಾರಿ:
ಅಪ್ಪನಿಗೆ ನಮಸ್ಕಾರ ಹೇಳು. ಎಲ್ಲಿಗೆ ಎಂದರೆ, ಸೊನ್ನೆಯಿಂದ ಕಲಿಸುವ ಬಿ.ಎ. ಇರುವ ಎರಡು ದೊಡ್ಡ ಜಾಗ ನೋಡು. ದೆಹಲಿಯ ಜೆಎನ್‌ಯು, ಮತ್ತೆ ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ). ಇಫ್ಲು 1958ರಲ್ಲಿ ಇಂಗ್ಲಿಷ್ ಸಂಸ್ಥೆಯಾಗಿ ಶುರುವಾಗಿ, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಆಯಿತು. ಜೆಎನ್‌ಯು ಬಿ.ಎ.ಗೆ ಪ್ರವೇಶ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಮೂಲಕ. ಆ ಪರೀಕ್ಷೆಯ ಅರ್ಜಿ ಪಿಯು ಫಲಿತಾಂಶ ಬರುವ ಮೊದಲೇ ತುಂಬಿಸಿಕೊಳ್ಳುತ್ತಾರೆ. ನಮ್ಮ ಕಡೆಯ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ, ಗೊತ್ತಾಗುವ ಹೊತ್ತಿಗೆ ದಿನಾಂಕ ಮುಗಿದಿರುತ್ತದೆ. ನೀನು ಈ ವರ್ಷ ಬರೆದಿಲ್ಲವಾದರೆ ಮುಂದಿನ ವರ್ಷಕ್ಕೆ ತಯಾರಾಗು. ಅಲ್ಲಿಯವರೆಗೆ ಊರಲ್ಲೇ ಇದ್ದು ಎನ್5 ಮುಗಿಸಬಹುದು. ಶುಲ್ಕ ಖಾಸಗಿ ಕಾಲೇಜುಗಳಿಗಿಂತ ಬಹಳ ಕಡಿಮೆ. ಖರ್ಚು ಬರುವುದು ಊಟ, ಓಡಾಟಕ್ಕೆ. ಹಾಸ್ಟೆಲ್ ಸಿಗುತ್ತದೆಯೇ ಎಂದು ಸೇರುವ ಮೊದಲೇ ವಿಚಾರಿಸಿ. ಮೊದಲ ವರ್ಷ ಎಲ್ಲರಿಗೂ ಸಿಗುತ್ತದೆ ಎಂದು ನಂಬಿ ಹೋಗಬೇಡಿ.

ಹೊನ್ನಾವರ_ಅಮ್ಮ:
ನನ್ನ ಮಗಳು ಬಿ.ಕಾಂ. ಮಾಡುತ್ತಾ ಜರ್ಮನ್ ಕಲಿತಳು, ಈಗ ಬೆಂಗಳೂರಿನಲ್ಲಿ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಜರ್ಮನ್ ಗ್ರಾಹಕರನ್ನು ನೋಡಿಕೊಳ್ಳುತ್ತಾಳೆ. ಭಾಷೆ ಜೊತೆ ಇನ್ನೊಂದು ಕಸುಬು ಇದ್ದರೆ ಕೆಲಸ ಬೇಗ ಸಿಗುತ್ತದೆ ಎಂದು ನಾನು ಕಂಡದ್ದು. ಪೂರ್ತಿ ಭಾಷೆಯನ್ನೇ ಓದುವುದಾದರೂ ಟ್ಯಾಲಿಯೋ, ಡಿಟಿಪಿಯೋ, ಪ್ರವಾಸೋದ್ಯಮದ ಒಂದು ಸರ್ಟಿಫಿಕೇಟೋ, ಏನಾದರೂ ಒಂದು ಕೈಯಲ್ಲಿ ಇಟ್ಟುಕೊಳ್ಳಲಿ. ಪರೀಕ್ಷೆ ಶುಲ್ಕ ಮಾತ್ರ ಜಾಸ್ತಿ, ಒಂದೊಂದು ಹಂತಕ್ಕೂ ಬೇರೆ ಕಟ್ಟಬೇಕು. ಅದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ. ನರ್ಸಿಂಗ್ ಮಾಡಿ ಜರ್ಮನಿಗೆ ಹೋಗುವವರ ಮಾತು ಬೇರೆ. ಅವರಿಗೆ ಬಿ2 ಹಂತದ ಪ್ರಮಾಣಪತ್ರ ಬೇಕು, ಬಿ.ಎ. ಬೇಕಿಲ್ಲ.

ಮಾಸ್ತರ್_ಹೊನ್ನಾವರ:
ಅಪ್ಪನ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಭಾಷೆಯಲ್ಲಿ ಮಾಡಿದ ಬಿ.ಎ. ಕೂಡ ಮಾನ್ಯತೆ ಇರುವ ಪದವಿಯೇ. ಕೆಎಎಸ್, ಐಎಎಸ್, ಬ್ಯಾಂಕ್ ಆಫೀಸರ್ ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು. ಗ್ರಂಥಾಲಯ ವಿಜ್ಞಾನ, ಪತ್ರಿಕೋದ್ಯಮ, ಭಾಷಾವಿಜ್ಞಾನದ ಎಂ.ಎ.ಗೂ ಹೋಗಬಹುದು. ಬಾಗಿಲು ಮುಚ್ಚುವುದಿಲ್ಲ. ಎಂಜಿನಿಯರಿಂಗ್ ಸೀಟಿಗೆ ಲಕ್ಷಗಟ್ಟಲೆ ಕಟ್ಟುವಾಗ ನಾವು ಈ ಪ್ರಶ್ನೆ ಕೇಳುವುದಿಲ್ಲ. ಹೆಣ್ಣುಮಗಳು ಭಾಷೆ ಓದುತ್ತೇನೆ ಅಂದಾಗ ಮಾತ್ರ ಕೇಳುತ್ತೇವೆ. ಅವಳ ಅಪ್ಪ ಕೂತು ಓದಿಸಿಕೊಂಡು ಕೇಳುತ್ತಿದ್ದಾರೆ ಎಂಬುದೇ ನನಗೆ ದೊಡ್ಡ ಸಂತೋಷ.

ಶಿರಸಿ_ಕೂಸು:
ಸಿಯುಇಟಿ ಈ ವರ್ಷ ಬರೆದಿಲ್ಲ. ಅಪ್ಪ ಒಂದು ವರ್ಷ ಕೊಟ್ಟಿದ್ದಾರೆ. ಡಿಸೆಂಬರಿನ ಎನ್5ಗೆ ಹೆಸರು ಹಚ್ಚುತ್ತೇನೆ, ಜೊತೆಗೆ ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳುತ್ತೇನೆ. ಯಾಣ ದಾರಿ ಅಣ್ಣ, ಕೇಳುವ ಅಭ್ಯಾಸಕ್ಕೆ ಎಲ್ಲಿಂದ ಶುರು ಮಾಡಲಿ?

ಯಾಣ_ದಾರಿ:
ಜಪಾನ್ ಫೌಂಡೇಶನ್‌ನವರ ಮರುಗೊತೊ ಎಂಬ ಪಠ್ಯಸರಣಿಯ ಆಡಿಯೋ ಅವರ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತದೆ. ಒಂದು ಸಂಭಾಷಣೆ ತಗೊ. ಮೊದಲು ಪುಸ್ತಕ ನೋಡದೆ ಕೇಳು, ಆಮೇಲೆ ನೋಡುತ್ತಾ ಕೇಳು, ಕೊನೆಗೆ ಅವರ ಜೊತೆಯಲ್ಲೇ ಗಟ್ಟಿಯಾಗಿ ಹೇಳು. ದಿನಾ ಒಂದೇ ಸಾಕು, ಆದರೆ ಬಿಡಬೇಡ. ಎಲ್ಲಿ ತೊಡಕಾಯಿತು ಎಂದು ಇಲ್ಲೇ ಬರೆ, ನಾನು ನೋಡುತ್ತಿರುತ್ತೇನೆ.